ಹೆಸರು ಒಂದೇ, ಅಳತೆ ಬೇರೆ

ಸರಸ್ವತಿಪುರಂ ಲಾರಿಗಳ ಬಡಾವಣೆಯಲ್ಲ. ಕುಕ್ಕರಹಳ್ಳಿ ಕೆರೆಯ ಗಾಳಿ ಕುಡಿದು ಬೆಳೆದ ಈ ಬೀದಿಗಳಲ್ಲಿ ಇರುವವರು ಮೇಷ್ಟ್ರುಗಳು, ನಿವೃತ್ತರು, ಪುಸ್ತಕ ಹಿಡಿದು ಓಡಾಡುವ ಹಾಸ್ಟೆಲ್ ಹುಡುಗರು. ಲಾರಿ ಇಂಜಿನ್ ಬಿಚ್ಚಿ ಹರಡುವುದನ್ನು ನೋಡಬೇಕಾದರೆ ಬನ್ನಿಮಂಟಪದ ಕಡೆಗೋ ಬಂಡಿಪಾಳ್ಯದ ಕಡೆಗೋ ಹೋಗಬೇಕು. ಆದರೂ ಭಾರಿ ಡೀಸೆಲ್ ಇಂಜಿನ್ನಿನ ಕಷ್ಟಸುಖ ವಿವರಿಸಲು ಈ ಬಡಾವಣೆಯ ಅಗ್ನಿಶಾಮಕ ಠಾಣೆಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆದಿಲ್ಲ.

ಅಗ್ನಿಶಾಮಕ ವಾಹನದ ಓಡೋಮೀಟರ್ ನೋಡಿದರೆ ಇಂಜಿನ್ ಹೊಸದೇ ಅನ್ನಿಸುತ್ತದೆ. ಮೈಸೂರಿನಿಂದ ಮಂಗಳೂರಿಗೆ ಹಗಲೂ ರಾತ್ರಿ ಓಡುವ ಲಾರಿಯ ಮುಂದೆ ಅದು ಓಡಿದ ದೂರ ಏನೂ ಅಲ್ಲ. ಆದರೆ ಅದರ ಇಂಜಿನ್ ಸವೆಯುವುದು ರಸ್ತೆಯ ಮೇಲಲ್ಲ. ಬೆಂಕಿ ಬಿದ್ದ ಜಾಗದಲ್ಲಿ ಗಾಡಿ ನಿಂತೇ ಇರುತ್ತದೆ. ನೀರಿನ ಪಂಪು ಅದೇ ಇಂಜಿನ್ನಿನ ಬಲದಿಂದ ಗಂಟೆಗಟ್ಟಲೆ ತಿರುಗುತ್ತದೆ. ಮೀಟರಿನಲ್ಲಿ ಒಂದು ಕಿಲೋಮೀಟರೂ ಏರುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಹೊರಡುವ ಗಳಿಗೆ. ಕರೆ ಬಂದ ಕೂಡಲೇ, ಎಣ್ಣೆ ಇನ್ನೂ ದಪ್ಪಗಿರುವಾಗಲೇ, ತಣ್ಣಗಿರುವ ಇಂಜಿನ್ ಸಾವಿರಾರು ಲೀಟರ್ ನೀರು ಹೊತ್ತು ಪೂರ್ತಿ ಬಲದಲ್ಲಿ ಓಡಬೇಕು.

ಆ ಗಳಿಗೆಯಲ್ಲಿ ಸಿಲಿಂಡರಿನೊಳಗೆ ಆಗುವುದೇ ಈ ಅಧ್ಯಾಯದ ಮೊದಲ ಪಾಠ. ಪಿಸ್ಟನ್ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹದ್ದು, ಅದು ಓಡಾಡುವ ಲೈನರ್ ಬೀಡು ಕಬ್ಬಿಣದ್ದು. ಬಿಸಿಯಾದಾಗ ಎರಡೂ ಹಿಗ್ಗುತ್ತವೆ, ಆದರೆ ಒಂದೇ ಸಮನಾಗಿ ಅಲ್ಲ. ಒಂದು ಡಿಗ್ರಿ ಏರಿಕೆಗೆ ಬೀಡು ಕಬ್ಬಿಣ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗಿದರೆ, ಪಿಸ್ಟನ್ ಲೋಹ ಸುಮಾರು 19 ಪಾಲು ಹಿಗ್ಗುತ್ತದೆ. 97 ಮಿಲಿಮೀಟರ್ ವ್ಯಾಸದ ಪಿಸ್ಟನ್ ತೆಗೆದುಕೊಳ್ಳೋಣ. ಅದರ ಬದಿ 30 ಡಿಗ್ರಿಯಿಂದ 120 ಡಿಗ್ರಿಗೆ ಏರಿದರೆ ವ್ಯಾಸ 0.166 ಮಿ.ಮೀ. ಹೆಚ್ಚುತ್ತದೆ. ಲೈನರ್ 100 ಡಿಗ್ರಿಗೆ ಏರಿದರೆ ಅದರ ಒಳವ್ಯಾಸ 0.075 ಮಿ.ಮೀ. ಹೆಚ್ಚುತ್ತದೆ. ತಣ್ಣಗಿದ್ದಾಗ ಎರಡರ ನಡುವೆ 0.12 ಮಿ.ಮೀ. ಜಾಗ ಬಿಟ್ಟಿದ್ದರೆ ಬಿಸಿಯಲ್ಲಿ ಉಳಿಯುವುದು 0.03 ಮಾತ್ರ. ಇನ್ನು ತಣ್ಣನೆಯ ಇಂಜಿನ್ನಿಗೆ ಒಮ್ಮೆಲೇ ಭಾರ ಹಾಕಿದರೆ? ಬೆಂಕಿ ಮೊದಲು ತಾಕುವುದು ಪಿಸ್ಟನ್ನಿಗೆ. ಲೈನರಿನ ಹಿಂದೆ ಇನ್ನೂ ತಣ್ಣೀರಿದೆ. ಪಿಸ್ಟನ್ ಹಿಗ್ಗುತ್ತದೆ, ಲೈನರ್ ಹಿಗ್ಗುವುದಿಲ್ಲ. ಆ 0.03 ಕೂಡ ಮುಗಿದುಹೋದರೆ ಪಿಸ್ಟನ್ ಗೋಡೆಗೆ ಉಜ್ಜಿ ಗೀರು ಬೀಳುತ್ತದೆ, ಮುಂದುವರಿದರೆ ಇಂಜಿನ್ ಸೀಜ್ ಆಗುತ್ತದೆ.

ಈಗ ಆ ಲೆಕ್ಕದಲ್ಲಿ ಒಂದೇ ಒಂದು ಅಂಕಿ ಬದಲಿಸಿ ನೋಡಿ. ಪಿಸ್ಟನ್ ಲೋಹದಲ್ಲಿ ಸಿಲಿಕಾನ್ ಪ್ರಮಾಣ ಹೆಚ್ಚಿಸಿದಷ್ಟೂ ಹಿಗ್ಗುವಿಕೆ ಕಡಿಮೆ. ಸುಮಾರು 12 ಶೇಕಡಾ ಸಿಲಿಕಾನಿನ ಪಿಸ್ಟನ್ನಿಗೂ 18 ಶೇಕಡಾದ ಪಿಸ್ಟನ್ನಿಗೂ ಬಿಡಬೇಕಾದ ಜಾಗ ಬೇರೆ ಬೇರೆ. ಎರಡನ್ನೂ ಅಂಗಡಿಯ ಮೇಜಿನ ಮೇಲಿಟ್ಟು ಕ್ಯಾಲಿಪರ್ ಹಿಡಿದರೆ ಅಳತೆ ಒಂದೇ, ಬಣ್ಣವೂ ಒಂದೇ. ಒಂದರ ಲೆಕ್ಕದಲ್ಲಿ ಬೋರ್ ಮಾಡಿದ ಸಿಲಿಂಡರಿಗೆ ಇನ್ನೊಂದನ್ನು ಹಾಕಿದರೆ ಇಂಜಿನ್ ಸ್ಟಾರ್ಟ್ ಆಗುತ್ತದೆ, ಮೇಸ್ತ್ರಿ ಪೂಜೆ ಮಾಡಿ ನಿಂಬೆಹಣ್ಣು ಇಡುತ್ತಾರೆ, ಮಾಲೀಕ ಹಣ ಕೊಡುತ್ತಾನೆ. ವ್ಯತ್ಯಾಸ ತಿಳಿಯುವುದು ಮೊದಲ ಘಾಟಿಯಲ್ಲಿ.

ಹಳೆಯ ಲಾರಿ ಇಂಜಿನ್ ಮತ್ತೆ ಕಟ್ಟುವಾಗ ಬಿಡಿಭಾಗ ಹೊಂದುತ್ತದೆಯೇ ಎಂಬ ಪ್ರಶ್ನೆ ಇಲ್ಲಿಂದ ಶುರು. ಸರ್ಕಾರಿ ಗಾಡಿಗಳ ಮಟ್ಟಿಗೆ ಆ ಪ್ರಶ್ನೆ ಈಗ ಹೆಚ್ಚುಕಡಿಮೆ ಮುಗಿದಿದೆ: 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ, ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಗಾಡಿ ಗುಜರಿಗೆ. ಖಾಸಗಿ ಲಾರಿಯ ಕಥೆ ಬೇರೆ. ಫಿಟ್‌ನೆಸ್ ಪ್ರಮಾಣಪತ್ರ ಸಿಗುತ್ತಿರುವವರೆಗೆ ಅದು ಓಡುತ್ತದೆ. ಇಪ್ಪತ್ತು, ಇಪ್ಪತ್ತೈದು ವರ್ಷದ ಇಂಜಿನ್ನನ್ನು ಮೂರನೆಯ ಸಲವೋ ನಾಲ್ಕನೆಯ ಸಲವೋ ಇಳಿಸಿ ಬಿಚ್ಚಿದಾಗ ಮೇಸ್ತ್ರಿಯ ಮುಂದಿರುವುದು ಕ್ಯಾಟಲಾಗಿನಲ್ಲಿ ಅಚ್ಚಾದ ಇಂಜಿನ್ ಅಲ್ಲ. ಹಿಂದಿನ ಯಾರೋ ಬೋರ್ ದೊಡ್ಡದು ಮಾಡಿದ್ದಾರೆ, ಕ್ರ್ಯಾಂಕ್ ಗ್ರೈಂಡ್ ಮಾಡಿದ್ದಾರೆ, ಹೆಡ್ ಫೇಸಿಂಗ್ ಮಾಡಿಸಿದ್ದಾರೆ, ಇನ್ನಾವುದೋ ಗಾಡಿಯ ಕನೆಕ್ಟಿಂಗ್ ರಾಡ್ ತಂದು ಹಾಕಿದ್ದಾರೆ. ಹೊರಗಿನ ಪಟ್ಟಿಯ ಮೇಲೆ ಮಾತ್ರ ಹಳೆಯ ಹೆಸರೇ ಇದೆ.

ಹೆಸರಿನಲ್ಲಿ ಇರುವುದು, ಇಲ್ಲದಿರುವುದು

ಕರ್ನಾಟಕದ ರಸ್ತೆಗಳಲ್ಲಿ ಬಹುಕಾಲ ಎರಡು ಮನೆತನದ ಲಾರಿಗಳು ಓಡಿವೆ. ಒಂದು ಜರ್ಮನ್ ಬೇರಿನದು. 1954ರಲ್ಲಿ ಟೆಲ್ಕೋ ಕಂಪನಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. ನಮ್ಮ ಹಿರಿಯರು ಅದನ್ನು ಇಂದಿಗೂ ‘ಬೆಂಜ್ ಲಾರಿ’ ಎನ್ನುತ್ತಾರೆ. 1969ರಲ್ಲಿ ಒಪ್ಪಂದ ಮುಗಿದು ಮೂರು ಮೂಲೆಯ ನಕ್ಷತ್ರ ಹೋಯಿತು, ಟಾಟಾ ಹೆಸರು ಉಳಿಯಿತು. ಇಂಜಿನ್ನಿನ ವಂಶ ಮಾತ್ರ ಮುಂದುವರಿಯಿತು. ಇನ್ನೊಂದು ಇಂಗ್ಲಿಷ್ ಬೇರಿನದು. 1948ರಲ್ಲಿ ಮದ್ರಾಸಿನಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಅಶೋಕ್ ಮೋಟರ್ಸ್, ಲೇಲ್ಯಾಂಡ್ ಕಂಪನಿಯ ಕೈಹಿಡಿದು 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು.

ಎರಡು ಮನೆಯವರೂ ಇಂಜಿನ್ನಿಗೆ ಸಂಖ್ಯೆಯ ಹೆಸರಿಟ್ಟರು, ಆದರೆ ಎಣಿಸಿದ್ದು ಬೇರೆ ಬೇರೆ ಸಂಗತಿಗಳನ್ನು. ಟಾಟಾ 697 ಎಂದರೆ 6 ಸಿಲಿಂಡರ್, 97 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ. ಅದಕ್ಕೂ ಹಿಂದಿನ 692ರ ಬೋರ್ 92 ಮಿ.ಮೀ. 1986ರಲ್ಲಿ ಬಂದ 407 ಗಾಡಿಯೊಂದಿಗೆ ಮನೆಮಾತಾದ 497 ಎಂದರೆ 4 ಸಿಲಿಂಡರ್, 97 ಮಿ.ಮೀ. ಲೇಲ್ಯಾಂಡ್ 370 ಎಂಬುದು ಬೋರ್ ಅಲ್ಲ. ಆರೂ ಸಿಲಿಂಡರ್‌ಗಳ ಒಟ್ಟು ಗಾತ್ರ, ಅದೂ ಘನ ಇಂಚಿನಲ್ಲಿ. ಲೀಟರಿಗೆ ತಂದರೆ ಸುಮಾರು 6.06. ಹಾಗೆಯೇ ಅದರ ಅಣ್ಣ 400 ಎಂದರೆ ಸುಮಾರು ಆರೂವರೆ ಲೀಟರ್.

ಟಾಟಾ ಹೆಸರಿನಿಂದ ಲೆಕ್ಕ ಹಾಕುವುದು ಓದುಗರಿಗೂ ಸುಲಭ. 697ರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡಾಡುವ ದೂರ, 128 ಮಿ.ಮೀ. 97ರ ವೃತ್ತದ ವಿಸ್ತೀರ್ಣವನ್ನು 128ರಿಂದ ಗುಣಿಸಿ, ಆರರಿಂದ ಗುಣಿಸಿದರೆ 5,675 ಘನ ಸೆಂ.ಮೀ. ಬರುತ್ತದೆ. ಜರ್ಮನಿಯಲ್ಲಿ 1964ರಲ್ಲಿ ಹೊರಬಂದ ಬೆಂಜ್ ಓಎಂ 352 ಇಂಜಿನ್ನಿನ ಗಾತ್ರವೂ ಸರಿಯಾಗಿ ಅಷ್ಟೇ. ಬೋರ್ ಮತ್ತು ಸ್ಟ್ರೋಕ್ ಎರಡೂ ಮಿಲಿಮೀಟರಿಗೆ ಸಮ. ಒಪ್ಪಂದ ಹರಿದರೂ ಅಳತೆ ಹರಿಯಲಿಲ್ಲ ಎನ್ನಲು ಇದೇ ಸಾಕ್ಷಿ.

ಹೆಸರಿನಲ್ಲಿ ಬೋರ್ ಇದೆ, ಸ್ಟ್ರೋಕ್ ಇಲ್ಲ. 497ರ ಬೋರ್ ಕೂಡ 97, ಆದರೆ ಸ್ಟ್ರೋಕ್ 100 ಮಿ.ಮೀ. ಒಂದರ ಪಿಸ್ಟನ್ ಇನ್ನೊಂದರ ಸಿಲಿಂಡರಿಗೆ ಇಳಿದೀತು ಎಂದು ಆಸೆಪಡಲು ಆ 97 ಸಾಕು. ಇಂಜಿನ್ ಓಡಲು ಸಾಲದು. ಪಿಸ್ಟನ್ ಪಿನ್ನಿನ ವ್ಯಾಸ, ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಗೆ ಇರುವ ಎತ್ತರ, ತಲೆಯ ಮೇಲೆ ಕೊರೆದ ಬಟ್ಟಲಿನ ಆಕಾರ, ರಿಂಗಿನ ದಪ್ಪ, ಇವೆಲ್ಲ ಸೇರಿ ಪಿಸ್ಟನ್. ಇನ್ನೊಂದು ತುದಿಯ ಉದಾಹರಣೆಯೂ ಇದೆ. 1990ರ ದಶಕದಲ್ಲಿ ಟಾಟಾ ಲಾರಿಗಳಿಗೆ ಬಂದ ಕಮ್ಮಿನ್ಸ್ ಬಿ ಸರಣಿಯ ಇಂಜಿನ್ 5,883 ಘನ ಸೆಂ.ಮೀ.ನದು. 697ಕ್ಕೂ ಅದಕ್ಕೂ ಗಾತ್ರದಲ್ಲಿ ಅಂತರ ಕಡಿಮೆ, ಹೊರಗೆ ಎರಡೂ ಟಾಟಾ ಲಾರಿಯೇ. ಒಳಗೆ ಬೋರ್ 102, ಸ್ಟ್ರೋಕ್ 120, ಬೇರೆಯೇ ವಂಶ.

ಆದ್ದರಿಂದ ಒಳ್ಳೆಯ ಬಿಡಿಭಾಗದ ಅಂಗಡಿಯನ್ನು ಗುರುತಿಸುವುದು ಸುಲಭ. ‘ಅಣ್ಣಾ, 697ಕ್ಕೆ ಒಂದು ಪಿಸ್ಟನ್ ಸೆಟ್ ಕೊಡಿ’ ಎಂದಾಗ ಪೆಟ್ಟಿಗೆ ತೆಗೆದುಕೊಟ್ಟು ಬಿಲ್ ಬರೆಯುವ ಅಂಗಡಿಯಿಂದ ದೂರವಿರಿ. ‘ಯಾವ 697ಊ? ಸಾದಾನೋ ಟರ್ಬೋನೋ? ಸೈಜ್ ಎಷ್ಟಾಗಿದೆ? ಇಂಜಿನ್ ನಂಬರ್ ತಂದಿದೀರಾ?’ ಎಂದು ಕೇಳುವವನು ನಿಮ್ಮ ಹಿತೈಷಿ.

ಸಾದಾ-ಟರ್ಬೋ ಪ್ರಶ್ನೆ ಗಂಭೀರವಾದದ್ದು. ಟರ್ಬೋ ಇರುವ ಇಂಜಿನ್ ಅಷ್ಟೇ ಗಾತ್ರದ ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುತ್ತದೆ, ಹೆಚ್ಚು ಡೀಸೆಲ್ ಉರಿಸುತ್ತದೆ. ಆ ಶಾಖ ಪಿಸ್ಟನ್ನಿನ ತಲೆಯ ಮೂಲಕ ಹೊರಹೋಗಬೇಕು. ಪಿಸ್ಟನ್ ಮಿಶ್ರಲೋಹ 577 ಡಿಗ್ರಿಯ ಸುಮಾರಿಗೆ ಕರಗತೊಡಗುತ್ತದೆ. ಅದಕ್ಕೆ ಬಹಳ ಮೊದಲೇ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಅನೇಕ ಟರ್ಬೋ ಇಂಜಿನ್‌ಗಳಲ್ಲಿ ಪಿಸ್ಟನ್ನಿನ ಹೊಟ್ಟೆಗೆ ಕೆಳಗಿನಿಂದ ಎಣ್ಣೆ ಚಿಮ್ಮಿಸುವ ಸಣ್ಣ ನಳಿಗೆ ಇರುತ್ತದೆ, ಮೇಲಿನ ರಿಂಗ್ ಕೂರುವ ಕಾಲುವೆಗೆ ಗಟ್ಟಿ ಕಬ್ಬಿಣದ ಉಂಗುರವನ್ನು ಎರಕದಲ್ಲೇ ಸೇರಿಸಿರುತ್ತಾರೆ. ಸಾದಾ ಪಿಸ್ಟನ್ ಅಲ್ಲಿ ಹಾಕಿದರೆ ಕೂರುತ್ತದೆ, ಓಡುತ್ತದೆ, ಆಮೇಲೆ ಒಂದು ದಿನ ತಲೆ ತೂತಾಗುತ್ತದೆ. ಕೆಲವು ಕಡೆ ಇನ್ನೂ ಬೇಗ: ಎಣ್ಣೆಯ ನಳಿಗೆಗೆ ದಾರಿ ಬಿಡಲು ಟರ್ಬೋ ಪಿಸ್ಟನ್ನಿನ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಕಚ್ಚಿಲ್ಲದ ಪಿಸ್ಟನ್ ಕೆಳಗಿಳಿದ ಮೊದಲ ಸಲವೇ ನಳಿಗೆಯನ್ನು ಮುರಿಯುತ್ತದೆ.

ಅರ್ಧ ಮಿಲಿಮೀಟರಿನ ಬೆಲೆ

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಸಿಡಿಸಿದಾಗ ತಾನೇ ಹೊತ್ತಿಕೊಳ್ಳುತ್ತದೆ. ಎಷ್ಟು ಒತ್ತುತ್ತೇವೆ ಎಂಬುದೇ ಎಲ್ಲ. 697ರಂಥ ಇಂಜಿನ್ನಿನಲ್ಲಿ ಒಂದು ಸಿಲಿಂಡರ್ ಗಾತ್ರ ಸುಮಾರು 946 ಘನ ಸೆಂ.ಮೀ. ಹದಿನೇಳಕ್ಕೆ ಒಂದರಂತೆ ಒತ್ತಬೇಕೆಂದರೆ ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ 59 ಘನ ಸೆಂ.ಮೀ. ಇರಬೇಕು.

ಹಳೆಯ ಇಂಜಿನ್ನಿಗೆ ಬೇರೆ ಸೆಟ್ಟಿನ ಪಿಸ್ಟನ್ ತಂದಿರಿ, ಅದರ ಪಿನ್ನಿನಿಂದ ತಲೆಯ ಎತ್ತರ ಅರ್ಧ ಮಿಲಿಮೀಟರ್ ಕಡಿಮೆ ಎಂದಿಟ್ಟುಕೊಳ್ಳಿ. ಅಥವಾ ಹೆಡ್ ಗ್ಯಾಸ್ಕೆಟ್ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ್ದು. ಎರಡರ ಪರಿಣಾಮವೂ ಒಂದೇ: ಮೇಲಿನ ಜಾಗಕ್ಕೆ 3.7 ಘನ ಸೆಂ.ಮೀ. ಸೇರುತ್ತದೆ, ಒತ್ತಡದ ಅನುಪಾತ 17ರಿಂದ 16ಕ್ಕೆ ಇಳಿಯುತ್ತದೆ. ಒತ್ತಿದ ಗಾಳಿಯ ಬಿಸಿ ಸುಮಾರು 16 ಡಿಗ್ರಿ ಕಡಿಮೆಯಾಗುತ್ತದೆ. ಮಧ್ಯಾಹ್ನ ಇದು ಗೊತ್ತಾಗುವುದೇ ಇಲ್ಲ. ಡಿಸೆಂಬರ್ ಬೆಳಗ್ಗೆ ಮಡಿಕೇರಿಯಲ್ಲಿ ರಾತ್ರಿ ನಿಲ್ಲಿಸಿದ ಲಾರಿ ಬಿಳಿ ಹೊಗೆ ಉಗುಳುತ್ತ ಸ್ಟಾರ್ಟ್ ಆಗದೆ ನಿಂತಾಗ ಡ್ರೈವರ್ ಬ್ಯಾಟರಿಯನ್ನು ಬೈಯುತ್ತಾನೆ, ಪಂಪನ್ನು ಬೈಯುತ್ತಾನೆ; ಪಿಸ್ಟನ್ನಿನ ಎತ್ತರವನ್ನು ಯಾರೂ ಬೈಯುವುದಿಲ್ಲ.

ವಿರುದ್ಧ ದಿಕ್ಕಿನ ತಪ್ಪು ಇನ್ನೂ ದುಬಾರಿ. ಬ್ಲಾಕಿನ ಮೇಲ್ಮೈಯನ್ನೂ ಹೆಡ್ಡನ್ನೂ ಹಲವು ಸಲ ಫೇಸಿಂಗ್ ಮಾಡಿಸಿದ ಇಂಜಿನ್ನಿನಲ್ಲಿ ಪಿಸ್ಟನ್ ಮತ್ತು ವಾಲ್ವಿನ ನಡುವಿನ ಜಾಗ ಪ್ರತಿ ಸಲವೂ ಸ್ವಲ್ಪ ತಿಂದುಹೋಗಿರುತ್ತದೆ. ಅಲ್ಲಿ ಮೂಲ ಪಿಸ್ಟನ್ನನ್ನೇ ಹಾಕಿದರೂ, ‘ಒರಿಜಿನಲ್’ ಎಂದು ಹೊಲೊಗ್ರಾಂ ಅಂಟಿಸಿದ ಪೆಟ್ಟಿಗೆಯದೇ ಆದರೂ, ಅದು ವಾಲ್ವಿಗೆ ಬಡಿಯಬಹುದು. ಭಾಗ ಸರಿಯಿದೆ, ಇಂಜಿನ್ ಕುಗ್ಗಿದೆ. ಹಳೆಯ ಮೇಸ್ತ್ರಿಗಳು ಇದಕ್ಕೆ ಒಂದು ಉಪಾಯ ಇಟ್ಟುಕೊಂಡಿದ್ದಾರೆ. ಪಿಸ್ಟನ್ ಮೇಲೆ ಮೆತ್ತನೆಯ ಸೀಸದ ತಂತಿಯ ತುಂಡು ಇಟ್ಟು, ಹೆಡ್ ಕೂರಿಸಿ ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಓದುತ್ತಾರೆ. ಎರಡು ಗಂಟೆಯ ಹೆಚ್ಚುವರಿ ಕೆಲಸ. ಇದನ್ನು ಮಾಡುವ ಮೇಸ್ತ್ರಿ ಸಿಕ್ಕರೆ ಕೂಲಿಯ ಚೌಕಾಸಿ ಮಾಡಬೇಡಿ.

ಬಟ್ಟಲಿನ ಆಕಾರವನ್ನು ಮೇಲೆ ಹೇಳಿದೆ. ಬೆಂಜ್ ವಂಶದ ಹಳೆಯ ಓಎಂ 312ರಲ್ಲಿ ಡೀಸೆಲ್ ಮೊದಲು ಹೆಡ್ಡಿನ ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ನುಗ್ಗುತ್ತಿತ್ತು. ಓಎಂ 352ರಲ್ಲಿ ಆ ಕೋಣೆ ಹೋಗಿ, ಪಿಸ್ಟನ್ ತಲೆಯ ಬಟ್ಟಲಿಗೇ ನೇರ ಸಿಡಿಸುವ ವ್ಯವಸ್ಥೆ ಬಂತು. ನೇರ ಸಿಡಿಸುವ ನಾಝಲ್‌ಗೆ ಹಲವು ತೂತು. ಅವುಗಳ ಸಂಖ್ಯೆ, ಕೋನ, ಒತ್ತಡ ಎಲ್ಲವೂ ಬಟ್ಟಲಿನ ಅಗಲ-ಆಳಕ್ಕೆ ತಕ್ಕಂತೆ ನಿರ್ಧಾರವಾಗಿರುತ್ತವೆ. ಬಟ್ಟಲು ಒಂದು, ನಾಝಲ್ ಇನ್ನೊಂದು ಆದರೆ ಡೀಸೆಲ್ ಗಾಳಿಯಲ್ಲಿ ಬೆರೆಯುವ ಬದಲು ಪಿಸ್ಟನ್ನಿನ ಅಂಚಿಗೆ ಬಡಿದು ಅಲ್ಲೇ ಉರಿಯುತ್ತದೆ. ಕಪ್ಪು ಹೊಗೆ ನೋಡಿ ‘ಪಂಪ್ ಕ್ಯಾಲಿಬ್ರೇಷನ್ ಮಾಡಿಸಿ’ ಎನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಪಂಪಿನ ತಪ್ಪೇನೂ ಇಲ್ಲ.

ಇನ್ನು ತೂಕ. ಆರರಲ್ಲಿ ಒಂದೇ ಪಿಸ್ಟನ್ ಕೆಟ್ಟಿದೆ, ಒಂದನ್ನೇ ಬದಲಿಸಿದರಾಯಿತು ಎಂಬುದು ಮಾಲೀಕರ ಮೆಚ್ಚಿನ ಉಳಿತಾಯ. 2,800 ಸುತ್ತಿನ ವೇಗದಲ್ಲಿ 128 ಮಿ.ಮೀ. ಸ್ಟ್ರೋಕಿನ ಪಿಸ್ಟನ್ ಮೇಲಿನ ತುದಿಯಲ್ಲಿ ದಿಕ್ಕು ಬದಲಿಸುವಾಗ ಅನುಭವಿಸುವ ವೇಗೋತ್ಕರ್ಷ ಭೂಮಿಯ ಗುರುತ್ವದ ಸುಮಾರು 700 ಪಟ್ಟು. ಹೊಸ ಪಿಸ್ಟನ್ ಉಳಿದವಕ್ಕಿಂತ 50 ಗ್ರಾಂ ಹೆಚ್ಚು ತೂಗಿದರೆ, ಆ ಕ್ಷಣದಲ್ಲಿ ಕ್ರ್ಯಾಂಕಿನ ಮೇಲೆ ಬೀಳುವ ಹೆಚ್ಚುವರಿ ಎಳೆತ ಸುಮಾರು 35 ಕಿಲೋ. ಸೆಕೆಂಡಿಗೆ 46 ಸಲಕ್ಕೂ ಮಿಗಿಲು. ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಅದು ನಡುಕವಾಗಿ ತಿಳಿಯುತ್ತದೆ. ಬೇರಿಂಗಿಗೆ ಬೇರೆ ರೀತಿಯಲ್ಲಿ.

ಕ್ರ್ಯಾಂಕ್ ಎಷ್ಟು ಸಲ ಕ್ಷಮಿಸುತ್ತದೆ

ಕ್ರ್ಯಾಂಕ್ ಶಾಫ್ಟಿನ ವಿಷಯದಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಮೋಸಹೋಗುವುದು ಇಲ್ಲೇ. ಪಿಸ್ಟನ್ ಹೊಸದು ತರುತ್ತೇವೆ, ಕ್ರ್ಯಾಂಕ್ ಮಾತ್ರ ಹಳೆಯದನ್ನೇ ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ದಪ್ಪದ ‘ಅಂಡರ್‌ಸೈಜ್’ ಬೇರಿಂಗ್ ಹಾಕುತ್ತೇವೆ. ಜರ್ಮನ್ ಮನೆತನದಲ್ಲಿ ಹೆಜ್ಜೆ 0.25, 0.50, 0.75, 1.00 ಮಿ.ಮೀ. ಇಂಗ್ಲಿಷ್ ಮನೆತನದಲ್ಲಿ 10, 20, 30, 40 ಥೌ, ಅಂದರೆ ಇಂಚಿನ ಸಾವಿರದ ಪಾಲುಗಳು. 20 ಥೌ ಎಂದರೆ 0.508 ಮಿ.ಮೀ.; 0.50ಕ್ಕೂ ಅದಕ್ಕೂ 8 ಮೈಕ್ರಾನ್ ವ್ಯತ್ಯಾಸ. 40 ಥೌಗೆ ಬರುವ ಹೊತ್ತಿಗೆ ಅದು 16 ಮೈಕ್ರಾನ್. ತಲೆಕೂದಲಿನ ದಪ್ಪದ ನಾಲ್ಕನೆಯ ಒಂದಕ್ಕೂ ಕಡಿಮೆ. ಆದರೆ ಬೇರಿಂಗಿನಲ್ಲಿ ಎಣ್ಣೆಗೆ ಬಿಡುವ ಜಾಗವೇ ಶಾಫ್ಟಿನ ವ್ಯಾಸದ ಸಾವಿರದ ಒಂದು ಪಾಲಿನ ಆಸುಪಾಸು. 80 ಮಿ.ಮೀ. ಶಾಫ್ಟಿಗೆ 80 ಮೈಕ್ರಾನ್. ಅದರಲ್ಲಿ 16 ಹೆಚ್ಚುಕಡಿಮೆಯಾದರೆ ಐದನೆಯ ಒಂದು ಪಾಲು ಹೋಯಿತು.

ಅಳತೆ ಸರಿಹೋದರೂ ಮುಗಿಯಲಿಲ್ಲ. ಶಾಫ್ಟಿನ ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಮೆತ್ತಗೆ; ಹಾಗೆ ಇದ್ದರೇನೇ ಸವೆಯದೆಯೂ ಮುರಿಯದೆಯೂ ಇರುವುದು. ಇಂಡಕ್ಷನ್ ವಿಧಾನದಲ್ಲಿ ಗಟ್ಟಿ ಮಾಡಿದ ಪದರ ಕೆಲವು ಮಿಲಿಮೀಟರ್ ಆಳ ಇರುತ್ತದೆ. ನೈಟ್ರೈಡಿಂಗ್ ಮಾಡಿದ್ದಾದರೆ ಅರ್ಧ ಮಿಲಿಮೀಟರೂ ಇರಲಾರದು. ವ್ಯಾಸದಲ್ಲಿ 1 ಮಿ.ಮೀ. ತೆಗೆದರೆ ಪ್ರತಿ ಬದಿಯಲ್ಲಿ 0.5 ಹೋಗುತ್ತದೆ. ಮೊದಲ ಬಗೆಯ ಕ್ರ್ಯಾಂಕ್ ಅದನ್ನು ತಡೆದುಕೊಳ್ಳುತ್ತದೆ, ಎರಡನೆಯದರ ಗಟ್ಟಿ ಪದರವೆಲ್ಲ ಗ್ರೈಂಡಿಂಗ್ ಕಲ್ಲಿಗೆ ಹೋಗಿಬಿಟ್ಟಿರುತ್ತದೆ. ಅದರ ಮೇಲೆ ತಾಮ್ರ-ಸೀಸದ ಗಟ್ಟಿ ಬೇರಿಂಗ್ ಹಾಕಿದರೆ ಬೇರಿಂಗ್ ಶಾಫ್ಟನ್ನು ತಿನ್ನುತ್ತದೆ, ಶಾಫ್ಟ್ ಬೇರಿಂಗನ್ನಲ್ಲ. ಮರುನೈಟ್ರೈಡಿಂಗ್ ಮಾಡಿಸಬೇಕು ಅಥವಾ ಬೇರೆ ಕ್ರ್ಯಾಂಕ್ ನೋಡಬೇಕು. ಇನ್ನು ಶಾಫ್ಟಿನ ಕುತ್ತಿಗೆ ತೋಳಿಗೆ ಸೇರುವ ಮೂಲೆಯ ದುಂಡು. ಅದನ್ನು ಚೂಪಾಗಿಸಿ ಗ್ರೈಂಡ್ ಮಾಡಿದ ಕ್ರ್ಯಾಂಕ್ ಸರಿಯಾಗಿ ಅಲ್ಲಿಂದಲೇ ಮುರಿಯುತ್ತದೆ, ಏಕೆಂದರೆ ಎಲ್ಲ ಸೆಳೆತವೂ ಚೂಪು ಮೂಲೆಗೆ ಬಂದು ಕೂಡುತ್ತದೆ.

ಲೋಹಕ್ಕೆ ಲೋಹ ಒಗ್ಗುವ ಪ್ರಶ್ನೆ ರಿಂಗಿನಲ್ಲೂ ಇದೆ. ಕೆಲವು ಲೈನರ್‌ಗಳ ಒಳಮೈಗೆ ಕ್ರೋಮ್ ಲೇಪನ ಇರುತ್ತದೆ, ಕೆಲವು ರಿಂಗ್‌ಗಳ ಅಂಚಿಗೆ ಕ್ರೋಮ್. ಎರಡೂ ಒಳ್ಳೆಯವೇ. ಎರಡನ್ನೂ ಒಟ್ಟಿಗೆ ಹಾಕಿದರೆ ಕ್ರೋಮ್ ಕ್ರೋಮಿಗೆ ಉಜ್ಜಿ ಎರಡೂ ಹಾಳು. ದುಬಾರಿ ಲೈನರಿಗೆ ದುಬಾರಿ ರಿಂಗ್ ಎಂದು ಹೆಮ್ಮೆಯಿಂದ ಹಾಕಿಸಿದವರ ಇಂಜಿನ್ ಕೆಲವೇ ತಿಂಗಳಲ್ಲಿ ಎಣ್ಣೆ ಕುಡಿಯುವುದು ಹೀಗೆ.

ಬೋಲ್ಟುಗಳ ಬಗ್ಗೆ ಒಂದು ಮಾತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನಲ್ಲಿ ತಿರುಪಿನ ಹಲ್ಲಿಗೆ ಒಂದು ನಿಯಮ ಹಾಕಿದ: ಕೋನ 55 ಡಿಗ್ರಿ. ಅಮೆರಿಕದವರು 60 ಹಿಡಿದರು. ಯುದ್ಧಕಾಲದಲ್ಲಿ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂರದೆ ಪಟ್ಟ ಪಾಡಿನಿಂದ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ 60 ಡಿಗ್ರಿಯ ಏಕೀಕೃತ ತಿರುಪನ್ನು ಒಪ್ಪಿಕೊಂಡವು. ಭಾರತ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ದಾರಿ ಹಿಡಿಯಿತು. ಆದರೆ ಇಂಗ್ಲಿಷ್ ನಕ್ಷೆಯ ಯಂತ್ರಗಳು ಇಂಚಿನಲ್ಲೇ ಉಳಿದವು. 3/8 ಇಂಚಿನ ವಿಟ್‌ವರ್ತ್ ತಿರುಪಿಗೂ ಅದೇ ಗಾತ್ರದ ಏಕೀಕೃತ ಒರಟು ತಿರುಪಿಗೂ ಇಂಚಿಗೆ 16 ಹಲ್ಲುಗಳೇ. ಕೋನ ಮಾತ್ರ ಬೇರೆ. ಒಂದು ಇನ್ನೊಂದಕ್ಕೆ ಸಲೀಸಾಗಿ ಹತ್ತುತ್ತದೆ, ಬಿಗಿಯೂ ಆಗುತ್ತದೆ. ಹಲ್ಲು ಹಲ್ಲಿಗೆ ಪೂರ್ತಿ ತಾಕದೆ ಅಂಚಿನಲ್ಲಿ ಮಾತ್ರ ಹಿಡಿದಿರುತ್ತದೆ. 5/16 ಇಂಚಿನ ಬೋಲ್ಟ್ 7.94 ಮಿ.ಮೀ.; 8 ಮಿ.ಮೀ. ಬೋಲ್ಟಿನ ಜಾಗಕ್ಕೆ ಅದನ್ನು ಸ್ಪ್ಯಾನರಿನಿಂದ ಬಲವಂತವಾಗಿ ತಿರುಗಿಸಿ ಬ್ಲಾಕಿನ ಹಲ್ಲನ್ನೇ ಕೆಡಿಸಿದ ಉದಾಹರಣೆ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಸಿಗುತ್ತದೆ. ಕನೆಕ್ಟಿಂಗ್ ರಾಡಿನ ಬೋಲ್ಟಿನಲ್ಲಿ ಈ ಆಟ ಆಡಿದರೆ ರಾಡ್ ಬ್ಲಾಕ್ ಒಡೆದು ಹೊರಗೆ ಬರುತ್ತದೆ.

ಬದಲಿ ಭಾಗ ಎಂಬ ಕಲ್ಪನೆ

ಯಾವ ಪೆಟ್ಟಿಗೆಯ ಭಾಗ ತೆಗೆದರೂ ಯಾವ ಯಂತ್ರಕ್ಕಾದರೂ ಕೂರಬೇಕು ಎಂಬುದು ಇಂದು ನಮಗೆ ಸಹಜ ಅನ್ನಿಸುತ್ತದೆ. 1908ರಲ್ಲಿ ಅದು ಪವಾಡ. ಆ ವರ್ಷ ಲಂಡನ್ನಿನ ಹತ್ತಿರ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಕಲಸಿ, 89 ಭಾಗಗಳನ್ನು ಎತ್ತಿಟ್ಟು ಅಂಗಡಿಯ ದಾಸ್ತಾನಿನಿಂದ ಬೇರೆಯವನ್ನು ಕೊಟ್ಟರು. ಅರ ಹಿಡಿದು ಉಜ್ಜದೆ ಮತ್ತೆ ಜೋಡಿಸಿದ ಮೂರೂ ಕಾರುಗಳು 500 ಮೈಲಿ ಓಡಿದವು. ಕಂಪನಿಗೆ ಡ್ಯೂವರ್ ಟ್ರೋಫಿ ಸಿಕ್ಕಿತು. ನೆನಪಿಡಬೇಕಾದದ್ದು, ಆ ಮೂರೂ ಹೊಸ ಕಾರುಗಳು.

ಹೊಸದರಲ್ಲೂ ಆ ಕಲ್ಪನೆಗೆ ಒಂದು ಮಿತಿ ಇದೆ, ಅದನ್ನು ನೋಡಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ, 1951ರಲ್ಲಿ ಸ್ಥಾಪನೆಯಾಗಿ ಈಗ ಬಾಷ್ ಎಂಬ ಹೆಸರಿನಲ್ಲಿರುವ ಕಂಪನಿ, ದೇಶದ ಡೀಸೆಲ್ ಲಾರಿಗಳಿಗೆ ದಶಕಗಳ ಕಾಲ ಇಂಧನ ಪಂಪು ಕೊಟ್ಟಿದೆ. ಆ ಪಂಪಿನ ಹೃದಯ ‘ಎಲಿಮೆಂಟ್’: ಒಂದು ಕೊಳವೆ, ಅದರೊಳಗೆ ಮೇಲೆ ಕೆಳಗೆ ಓಡುವ ಒಂದು ಕಡ್ಡಿ. ನಡುವಿನ ಜಾಗ ಕೆಲವೇ ಮೈಕ್ರಾನ್. ಡೀಸೆಲ್ ವಾತಾವರಣದ ನೂರಾರು ಪಟ್ಟು ಒತ್ತಡದಲ್ಲೂ ಸೋರದಂತೆ ತಡೆಯಲು ರಬ್ಬರ್ ಇಲ್ಲ, ರಿಂಗ್ ಇಲ್ಲ, ಆ ಸಣ್ಣ ಜಾಗವೇ ಎಲ್ಲ. ಇಷ್ಟು ಸೂಕ್ಷ್ಮವನ್ನು ಯಾವ ಕಡ್ಡಿ ಯಾವ ಕೊಳವೆಗಾದರೂ ಕೂರುವಂತೆ ಮಾಡಲಾಗದು. ಆದ್ದರಿಂದ ಎರಡನ್ನೂ ಜೋಡಿ ಮಾಡಿ ಉಜ್ಜಿ ಹೊಂದಿಸಿ, ಜೋಡಿಯಾಗಿಯೇ ಮಾರುತ್ತಾರೆ. ಆರು ಎಲಿಮೆಂಟ್ ತೊಳೆಯಲು ಬಿಚ್ಚಿ ಒಂದೇ ತಟ್ಟೆಯಲ್ಲಿ ಡೀಸೆಲಿಗೆ ಹಾಕಿದ ಹುಡುಗ, ಆರೂ ಹಾಳುಮಾಡಿದಂತೆ.

ಮೈಸೂರಿಗರಿಗೆ ಈ ಪಾಠ ಲಾರಿಯಿಂದಲ್ಲ, ಜಾವಾ ಬೈಕಿನಿಂದ ಗೊತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಇನ್ನೂ ಓಡುತ್ತಿವೆ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, 249 ಸಿಸಿ. ಎರಡು ಸ್ಟ್ರೋಕಿನ ಆ ಇಂಜಿನ್ನಿನಲ್ಲಿ ವಾಲ್ವ್ ಇಲ್ಲ. ಗಾಳಿಯ ಬಾಗಿಲು ತೆರೆದು ಮುಚ್ಚುವುದು ಪಿಸ್ಟನ್ನಿನ ಅಂಚೇ. ಅಂಚು ಒಂದೆರಡು ಮಿ.ಮೀ. ಉದ್ದಗಿಡ್ಡವಾದರೆ ಬಾಗಿಲು ತೆರೆಯುವ ಹೊತ್ತೇ ಬದಲಾಗುತ್ತದೆ. ಸುತ್ತಳತೆ ಸರಿಯಿರುವ ಬೇರೆ ಪಿಸ್ಟನ್ ಹಾಕಿಸಿ ‘ಗಾಡಿ ಎಳೀತಿಲ್ಲ’ ಎಂದು ಕೊರಗುವವರ ಕಾಯಿಲೆ ಇದೇ.

ದೊಡ್ಡ ಪ್ರಮಾಣದಲ್ಲಿ ಈ ಸಮಸ್ಯೆಯನ್ನು ಚೆನ್ನಾಗಿ ನಿಭಾಯಿಸಿದ್ದು ನಮ್ಮ ಕೆಂಪು ಬಸ್ಸಿನವರು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ ಆರಂಭವಾದ ಸಂಸ್ಥೆ, ಇಂದಿನ ಕೆಎಸ್ಆರ್‌ಟಿಸಿ. ಡಿಪೋದಲ್ಲಿ ಇಂಜಿನ್ ಕೆಟ್ಟರೆ ಅಲ್ಲೇ ಕೂತು ಬಿಡಿಭಾಗ ಹುಡುಕುವುದಿಲ್ಲ. ರಿಪೇರಿಯಾಗಿ ಸಿದ್ಧವಿರುವ ಇನ್ನೊಂದು ಇಂಜಿನ್ ಕೂರಿಸಿ, ಕೆಟ್ಟದ್ದನ್ನು ಕೆಂಗೇರಿ, ಹಾಸನದಂಥ ಪ್ರಾದೇಶಿಕ ಕಾರ್ಯಾಗಾರಕ್ಕೆ ಕಳಿಸುತ್ತಾರೆ. ಅಲ್ಲಿ ಒಂದೇ ಬಗೆಯ ಇಂಜಿನ್‌ಗಳು ರಾಶಿ ಬರುವುದರಿಂದ ಪ್ರತಿಯೊಂದು ಭಾಗವನ್ನೂ ಅಳೆದು, ಒಂದೇ ಅಳತೆಗೆ ಸವೆದವನ್ನು ಒಂದು ಗುಂಪಿಗೆ ಸೇರಿಸಲು ಸಾಧ್ಯ. ಒಂದೇ ಲಾರಿಯ ಮಾಲೀಕನಿಗೆ ಆ ಭಾಗ್ಯವಿಲ್ಲ. ಅವನ ಕೈಯಲ್ಲಿರುವುದು ಅಳತೆ ಮಾತ್ರ.

ಹಾಗಾಗಿ ಹಳೆಯ ಇಂಜಿನ್ ಇಳಿಸಿದವರಲ್ಲಿ ನನ್ನ ಕೋರಿಕೆ ಕೆಲವೇ. ಇಂಜಿನ್ ನಂಬರನ್ನು ಬ್ಲಾಕಿನ ಮೇಲಿಂದ ಓದಿಕೊಳ್ಳಿ, ಆರ್‌ಸಿ ಪುಸ್ತಕದಿಂದಲ್ಲ, ಬ್ಲಾಕ್ ಬದಲಾಗಿರಬಹುದು. ಹಳೆಯ ಪಿಸ್ಟನ್, ಬೇರಿಂಗ್‌ಗಳನ್ನು ಗುಜರಿಗೆ ಎಸೆಯುವ ಮೊದಲು ಅವುಗಳ ತಲೆಯ ಮೇಲೆ, ಬೆನ್ನ ಮೇಲೆ ಒತ್ತಿರುವ ಸೈಜ್ ಬರೆದಿಟ್ಟುಕೊಳ್ಳಿ. ಹಿಂದಿನವರು ಏನು ಮಾಡಿದ್ದರು ಎಂಬುದಕ್ಕೆ ಅದೊಂದೇ ದಾಖಲೆ. ಆರೂ ಸಿಲಿಂಡರ್‌ಗಳನ್ನು ಮೇಲೆ, ನಡುವೆ, ಕೆಳಗೆ ಅಳೆಸಿ ಕಾಗದದ ಮೇಲೆ ಬರೆಸಿಕೊಳ್ಳಿ. ಆ ಅಂಕಿಗಳನ್ನು ನೋಡಿ ಮುಂದಿನ ಸೈಜಿನ ಪಿಸ್ಟನ್ ಸೆಟ್ಟನ್ನು ಪೂರ್ತಿ ಕೊಳ್ಳಿ, ಒಂದೇ ಬ್ರ್ಯಾಂಡಿನದು, ಒಂದೇ ಪೆಟ್ಟಿಗೆಯದು. ಆಮೇಲೆ ಬ್ಲಾಕನ್ನೂ ಆ ಪಿಸ್ಟನ್‌ಗಳನ್ನೂ ಒಟ್ಟಿಗೆ ಬೋರಿಂಗ್ ಅಂಗಡಿಗೆ ಕೊಡಿ. ಕೈಯಲ್ಲಿರುವ ಪಿಸ್ಟನ್ನನ್ನು ಅಳೆದು, ಅದರ ತಯಾರಕರು ಹೇಳಿದಷ್ಟು ಜಾಗ ಬಿಟ್ಟು ಬೋರ್ ಮಾಡಬೇಕು. ಮೊದಲು ಬೋರ್ ಮಾಡಿಟ್ಟು ‘ಪಿಸ್ಟನ್ ಆಮೇಲೆ ತನ್ನಿ’ ಎನ್ನುವ ಅಂಗಡಿಗೆ ಬ್ಲಾಕ್ ಕೊಡಬೇಡಿ.